ಲೇಬಲ್ಲಿನ ಕೊನೆಯ ಸಾಲು

ಹೊಸ ಲೇಬಲ್ಲಿನ ಕೊನೆಯ ಸಾಲಿನಲ್ಲಿ, ಅಪಘಾತವಾದರೆ ಕರೆಯಲು ಒಂದು ಫೋನ್ ನಂಬರ್ ಇರಲೇಬೇಕಂತೆ. ನಮ್ಮದು ಕಲೆ, ಕೊಳೆ ತೆಗೆಯುವ ದ್ರಾವಣಗಳ ಸಣ್ಣ ಕಾರ್ಖಾನೆ. ಅಲ್ಲಿಯವರೆಗೆ ಸೀಸೆಯ ಮೇಲೆ ಏನಿರಬೇಕು ಅನ್ನುವುದು ಪ್ರೆಸ್ಸಿನವನ ಮರ್ಜಿ. ಒಂದರ ಮೇಲೆ ಹಸಿರು ತಲೆಬುರುಡೆ, ಇನ್ನೊಂದರ ಮೇಲೆ ಗುಲಾಬಿ ಹೂವು. ಈಗ ಜಗತ್ತಿಗೆಲ್ಲ ಒಂದೇ ಪದ್ಧತಿ: ಕೆಂಪು ಅಂಚಿನ ಚೌಕದೊಳಗೆ ಚಿತ್ರ, ‘ಅಪಾಯ’ ಅಥವಾ ‘ಎಚ್ಚರಿಕೆ’ ಎಂಬ ಒಂದು ಪದ, ಏನಾದರೆ ಏನು ಮಾಡಬೇಕು ಎಂಬ ಸಾಲುಗಳು. ಲ್ಯಾಬಿನವಳು ನಾನು. ಯಾವ ದ್ರಾವಣ ಯಾವ ವರ್ಗಕ್ಕೆ ಸೇರುತ್ತದೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ವಿಂಗಡಿಸಿದ್ದೆ. ಅದಕ್ಕೆ ಬಹುಮಾನವೋ ಎಂಬಂತೆ ಮ್ಯಾನೇಜರ್ ಆ ಫೋನನ್ನೂ ನನ್ನ ಕೊರಳಿಗೇ ಕಟ್ಟಿದರು.

“ಉಳಿದವರಿಗೆಲ್ಲ ಸಂಸಾರ ಇದೆ. ನಿಮಗೇನು, ಮನೇಲಿ ಯಾರೂ ಇಲ್ವಲ್ಲ,” ಅಂದರು.

ಸುಳ್ಳೇನಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಸದ್ದು ಮಾಡುವುದು ನಲ್ಲಿ ಒಂದೇ. ಆದರೂ ಮೈಯೆಲ್ಲ ಉರಿಯಿತು.

ಬಚ್ಚಲಿಗೂ ಆ ಫೋನ್ ನನ್ನ ಜೊತೆ ಬಂತು. ಬಹಳ ದಿನ ಕಮಕ್ ಕಿಮಕ್ ಅನ್ನಲಿಲ್ಲ. ರಿಂಗಾದರೆ ಯಾರಿಗೋ ಕೇಡಾಗಿದೆ ಎಂದರ್ಥ, ಆಗದಿರಲಿ ಅಂದುಕೊಳ್ಳುತ್ತಿದ್ದೆ. ಒಮ್ಮೆಯಾದರೂ ಆಗಬಾರದೇ ಅಂತಲೂ ಅನ್ನಿಸುತ್ತಿತ್ತು.

ಮೊದಲು ಫೋನ್ ಮಾಡಿದವರು ಒಬ್ಬ ವಯಸ್ಸಾದ ದರ್ಜಿ. ಬಟ್ಟೆಯ ಕಲೆ ತೆಗೆಯಲು ನಮ್ಮ ದ್ರಾವಣ ಬಳಸುತ್ತಿದ್ದರು.

“ಸೀಸೆ ಮೇಲೆ ಒಬ್ಬನ ಎದೆ ಒಡೆದು ನಕ್ಷತ್ರ ಆಗಿದೆಯಲ್ಲ, ಏನಮ್ಮ ಆಗಿದೆ ಅವನಿಗೆ?”

“ಅದರ ಆವಿ ವರ್ಷಗಟ್ಟಲೆ ಕುಡಿದ್ರೆ ಒಳಗೆ ಕೆಡುತ್ತೆ ಅಂತ ಅರ್ಥ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ.”

“ಒಬ್ಬನೇ ಕೂತ್ರೂ ಹಾಗೇ ಆಗುತ್ತೆ. ಅದಕ್ಕೆ ಚಿತ್ರ ಇಲ್ವಾ?”

ನಾನು ನಕ್ಕುಬಿಟ್ಟೆ. ನಕ್ಕು ಎಷ್ಟು ಕಾಲವಾಗಿತ್ತೋ, ಗಂಟಲು ಕರಕರ ಅಂದಿತು.

ಮರುದಿನ ಮಧ್ಯಾಹ್ನ ಊಟಕ್ಕೆಂದು ಹೊಲಿಗೆ ಮಿಷನ್ ನಿಲ್ಲಿಸಿದ ಹೊತ್ತಿಗೆ ಮತ್ತೆ ಅವರ ಫೋನ್: ಕಿಟಕಿ ತೆಗೆದಾಯಿತು, ಈ ಬೆಂಕಿಯ ಚಿತ್ರ ಯಾಕೆ? ಅದರಾಚೆ ದಿನ ಆಶ್ಚರ್ಯಸೂಚಕ ಚಿಹ್ನೆ. “ನನ್ನ ಅಂಗಡಿ ನೋಡಿದಾಗೆಲ್ಲ ನಮ್ಮನೆಯವಳು ಮುಖ ಹೀಗೇ ಮಾಡ್ತಿದ್ಲು,” ಅಂದರು. ಸೀಸೆಯ ಮೇಲಿದ್ದದ್ದು ಮೂರೇ ಚಿತ್ರ. ಚಿತ್ರ ಮುಗಿದವು, ಫೋನ್ ನಿಲ್ಲಲಿಲ್ಲ. ಮುಚ್ಚಳ ಎಷ್ಟು ಬಿಗಿ ಮಾಡಬೇಕು, ನೆರಳಲ್ಲಿ ಇಡಬೇಕೋ ಎಂದು ಸೀಸೆಯ ಬಗ್ಗೆ ಒಂದು ಪ್ರಶ್ನೆ ಕೇಳಿ, ಆಮೇಲೆ ಲೋಕಾಭಿರಾಮಕ್ಕೆ ಇಳಿಯುವರು. ನಾನೂ ಊಟದ ಡಬ್ಬಿಯನ್ನು ಆ ಹೊತ್ತಿಗೇ ಬಿಚ್ಚತೊಡಗಿದೆ. ಅವರ ಫೋನ್ ತಡವಾದರೆ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿಡುತ್ತಿದ್ದೆ.

ಒಂದು ಮಧ್ಯಾಹ್ನ, ಸವೆದ ಕಾಲರನ್ನು ತಿರುಗಿಸಿ ಹೊಲಿಯುವ ಬಗೆಯನ್ನು ಅವರು ಬಿಡಿಸಿ ಬಿಡಿಸಿ ಹೇಳಿದರು. ನಾನು ಬೇಕೆಂದೇ ಅರ್ಥವಾಗದವಳ ಹಾಗೆ ಮತ್ತೆ ಮತ್ತೆ ಕೇಳಿದೆ.

ಸಂಜೆ ಇನ್ನೊಂದು ಕರೆ ಬಂತು. ಗುರುತಿಲ್ಲದ ಹೆಂಗಸಿನ ದನಿ.

“ಪಾಯಿಖಾನೆ ತೊಳೆಯೋವಾಗ ನಿಮ್ಮ ಆಸಿಡ್ ಕಣ್ಣಿಗೆ ಸಿಡೀತು. ಮಧ್ಯಾಹ್ನ ಎಷ್ಟು ಸಲ ಮಾಡಿದೆ, ಬರೀ ಎಂಗೇಜ್. ಲೇಬಲ್ ಮೇಲೆ ಬರೆದಿತ್ತು ಅಂತ ನಲ್ಲಿ ಕೆಳಗೆ ಕಣ್ಣು ಬಿಟ್ಕೊಂಡು ನಿಂತೆ. ಕಣ್ಣು ಉಳೀತು ಅಂದ್ರು ಡಾಕ್ಟ್ರು. ಅಷ್ಟು ಹೊತ್ತು ಯಾರ ಹತ್ರ ಮಾತಾಡ್ತಿದ್ರಿ?”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಕೇಳಿದಳು ಅಷ್ಟೆ. ನೀರಿನಲ್ಲಿ ತೊಳೆಯಿರಿ ಎಂಬ ಸಾಲು ತನ್ನ ಕೆಲಸ ಮಾಡಿತ್ತು. ನಾನು ಮಾಡಿರಲಿಲ್ಲ.

ಮರುದಿನ ದರ್ಜಿಯ ಫೋನ್ ಬಂದ ಕೂಡಲೇ ನಡೆದದ್ದನ್ನು ಹೇಳಿದೆ.

“ಛೆ. ಇನ್ನು ಮಾಡಲ್ಲಮ್ಮ. ಒಬ್ಬರ ಕಣ್ಣಿಗಿಂತ ಹೆಚ್ಚಾ ನಮ್ಮ ಹರಟೆ?”

ಫೋನ್ ಇಟ್ಟೇಬಿಡುತ್ತಾರೆಂದು ಅವಸರ ಮಾಡಿದೆ. “ಇರಿ, ನನ್ನ ನಂಬರ್ ಕೊಡ್ತೀನಿ. ಮನೇದು. ಅದಕ್ಕೆ ಯಾವಾಗ ಬೇಕಾದ್ರೂ ಮಾಡಿ.”

“ಅದಕ್ಕೆ ಏನಂತ ಹೇಳಿ ಮಾಡ್ಲಿ?” ಅಂದರು. “ಇದಕ್ಕಾದ್ರೆ ಸೀಸೆ ಇತ್ತು.”

ಸುಮ್ಮನೆ ಮಾಡಿ ಅನ್ನಬಹುದಿತ್ತು. ಯಾರಿಗೂ ಯಾವತ್ತೂ ಹಾಗೆ ಅಂದವಳಲ್ಲ ನಾನು. ನಂಬರನ್ನು ಮಾತ್ರ ಹೇಳಿದೆ, ನಿಧಾನವಾಗಿ, ಒಂದೊಂದೇ ಅಂಕಿ. ಅವರು ಬರೆದುಕೊಂಡರೋ ಇಲ್ಲವೋ ತಿಳಿಯಲಿಲ್ಲ.

“ಲೈನ್ ಖಾಲಿ ಬಿಡಮ್ಮ,” ಎಂದು ಫೋನ್ ಇಟ್ಟರು.