ಯಲ್ದೂರಿನ ಸಿಂಗಾರದಮ್ಮ

"ಸಾಕು ಬಿಡು ಚಿಕ್ಕಮ್ಮ, ಅಕ್ಕಿಹಿಟ್ಟಿನ ಡಬ್ಬಕ್ಕೆ ಬಿದ್ದ ಹಲ್ಲಿ ತರ ಕಾಣ್ತಿದ್ದೀನಿ!" ಎಂದು ಮದುಮಗಳು ಆದಿಲಕ್ಷ್ಮಿ ಕನ್ನಡಿಯನ್ನು ಚಾಪೆಯ ಮೇಲೆ ಬೋರಲು ಹಾಕಿದಳು.

ಚಿಕ್ಕಮ್ಮ ಶಾಮಲಮ್ಮ ಚಿನ್ನದ ಗಣಿಯ ಊರಿಂದ ಪೌಡರಿನ ಡಬ್ಬಿ ತಂದು ತನ್ನ ಕೈಯಾರೆ ಮೆತ್ತಿದ್ದಳು. ಮಾವು ಹಣ್ಣಾಗುವ ಕಾಲದ ಸೆಕೆ ಬೇರೆ! ಬೆವರಿಳಿದು ಪೌಡರೆಲ್ಲ ಗೀಟುಗೀಟಾಗಿತ್ತು. ಸಿಡುಬಿನ ಕಲೆಗಳು ಮುಚ್ಚುವುದಿರಲಿ, ಇನ್ನೂ ಎದ್ದು ಕಾಣುತ್ತಿದ್ದವು.

ಜಡೆ ಹೆಣೆಯುತ್ತಿದ್ದ ಅಶ್ವತ್ಥಮ್ಮ ತುಟಿ ಕಚ್ಚಿ ನಗು ತಡೆದಳು. ಯಲ್ದೂರಿನ ಸುತ್ತಮುತ್ತ ಮದುಮಕ್ಕಳಿಗೆ ಕಾಡಿಗೆ ತೀಡಿ, ಹೂ ಮುಡಿಸಿ ಹಸೆಗೆ ಕಳಿಸುವವಳು ಅವಳೇ.

"ಸಿಂಗಾರದಮ್ಮ ಅಂತಾರೆ ನಿನ್ನ. ಇಷ್ಟು ಮುಚ್ಚೋಕಾಗ್ದಿದ್ರೆ ಆ ಹೆಸ್ರು ಯಾತಕ್ಕೆ?" ಎಂದಳು ಶಾಮಲಮ್ಮ.

"ಮುಚ್ಚೋಕೆ ನಾನೇನು ಗೋಡೆಗೆ ಸುಣ್ಣ ಬಳಿಯೋಳಾ ತಾಯಿ? ಇರೋ ಚೆಂದಾನ ಕಾಣಂಗೆ ಮಾಡೋಳು."

"ಗಂಡು ನನ್ನ ನೋಡಿದ್ದು ಬುಡ್ಡಿದೀಪದಲ್ಲಿ. ಹಗಲಲ್ಲಿ ನೋಡಿದ್ರೆ ಹಸೆಯಿಂದ ಎದ್ದೇ ಹೋಗ್ತಾನೆ. ನಾ ಬರಲ್ಲ," ಎಂದು ಆದಿಲಕ್ಷ್ಮಿ ಮಂಡಿಗೆ ಮುಖ ಒತ್ತಿದಳು.

ಕೂಸಾಗಿದ್ದಾಗ ಇವಳಿಗೆ ಎಣ್ಣೆ ನೀರು ಹಾಕಿದ ಕೈ ಅಶ್ವತ್ಥಮ್ಮನದು; ಹುಡುಗಿ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದಳು. ಹುಡುಗಿಯ ಮುಖವೆತ್ತಿ ತಣ್ಣೀರಲ್ಲಿ ತೊಳೆದಳು. ತೆಳುವಾಗಿ ಅರಿಶಿನ ಸವರಿ, ಕಣ್ಣಿಗೆ ಕಾಡಿಗೆ ತೀಡಿದಳು. ಬೆರಳಲ್ಲಿ ಉಳಿದ ಕಾಡಿಗೆಯನ್ನು ಕೆನ್ನೆಗೆ ಒತ್ತಿದಳು.

ಆದಿಲಕ್ಷ್ಮಿ ಬೆಚ್ಚಿದಳು. ಚೆಂದದ ಮಕ್ಕಳಿಗೆ ಕೆಟ್ಟ ಕಣ್ಣು ತಾಗದಿರಲೆಂದು ಇಡುವ ಬೊಟ್ಟು ಅದು. ಸಿಡುಬು ಬಂದು ಹೋದ ಮೇಲೆ ಹೆತ್ತ ತಾಯಿಯೂ ಅದನ್ನು ಇಟ್ಟಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಪಾಪ, ಅವಳಿಗೆ ಹೊಳೆದೇ ಇರಲಿಲ್ಲ.

"ನಂಗ್ಯಾಕತ್ತೆ ದೃಷ್ಟಿಬೊಟ್ಟು? ನಂಗ್ಯಾರ ಕಣ್ಣು ತಾಗತ್ತೆ?"

"ಇದ್ದಿಲು ಬಸ್ಸಿನ ಹೊಗೆ ಕುಡ್ಕೊಂಡು ಮುಳಬಾಗಿಲಿಂದ ಗಂಡಿನ ಕಡೆಯೋರು ಅಷ್ಟು ಜನ ಬಂದವ್ರೆ. ಅವ್ರಿರ್ಲಿ, ನಂದೇ ತಾಗೋ ಹಂಗೈತೆ. ಸುಮ್ನಿರು ಕಣೇ!"

ಮಗಳನ್ನು ಕರೆಯಲು ಬಂದ ತಾಯಿ ರಾಮಲಕ್ಷ್ಮಮ್ಮ ಆ ಬೊಟ್ಟು ನೋಡಿ ಹೊಸ್ತಿಲಲ್ಲೇ ನಿಂತಳು. ಹತ್ತಿರ ಬಂದು ಮಗಳ ಮುಖ ನೀವಿ, ಬೆರಳುಗಳನ್ನು ತನ್ನ ಹಣೆಗೊತ್ತಿ ಲಟಲಟ ನೆಟಿಗೆ ಮುರಿದಳು.

ಹೊರಗೆ ವಾಲಗ ಜೋರಾಯಿತು. ಆದಿಲಕ್ಷ್ಮಿ ಬೋರಲು ಬಿದ್ದಿದ್ದ ಕನ್ನಡಿಯನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿ, ತನ್ನನ್ನು ಬಹಳ ಹೊತ್ತು ನೋಡಿಕೊಂಡಳು.

"ಅತ್ತೇ," ಎಂದು ಕೆನ್ನೆ ಮುಂದೆ ಚಾಚಿದಳು, "ಇನ್ನೊಂಚೂರು ದಪ್ಪಕ್ಕಿಡು."