ಹೊಸ್ತಿಲಿಗೆ ಬಿಸಿಲು ಬರುವವರೆಗೆ

ಆ ದಿನ ಅವಳ ಬಾಗಿಲು ತೆರೆದಿತ್ತು. ಮರದ ಅಗುಳಿ ಪಕ್ಕಕ್ಕೆ ಸರಿದಿತ್ತು, ಕದ ಒಂದು ಗೇಣಿನಷ್ಟು ಒಳಕ್ಕೆ ಬಾಗಿತ್ತು. ಬೀದಿಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಹನ್ನೊಂದು ವರ್ಷಗಳಿಂದ ಪ್ರತಿ ಶನಿವಾರ ಬೆಳಗಿನ ಪೂಜೆ ಮುಗಿಸಿ ಬರುವಾಗ ಆ ಕದವನ್ನು ಬಡಿಯುತ್ತಿದ್ದವನು ನಾನು. ಆ ಹೊತ್ತಿನಲ್ಲಿ ಅದು ಒಂದು ಸಲವೂ ತೆರೆದಿರಲಿಲ್ಲ. ಹಾಗಾಗಿ ತೆರೆದ ಬಾಗಿಲನ್ನು ಕಂಡೊಡನೆ, ಒಳಗಿನ ಅಳು ಕಿವಿಗೆ ಬೀಳುವ ಮೊದಲೇ, ನನ್ನ ತಂಗಿ ಕುಮುದಿನಿ ಇನ್ನಿಲ್ಲವೆಂದು ನನಗೆ ತಿಳಿಯಿತು.

ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಪಕ್ಕದ ಮನೆಯ ಸಂಕಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಎರಡು ದಿನ ಜ್ವರವಿತ್ತಂತೆ, ಕೋಳಿ ಕೂಗುವ ಹೊತ್ತಿಗೆ ಉಸಿರು ನಿಂತಿತಂತೆ. ನಾಲ್ಕು ಬೀದಿಯ ಆಚೆ ಒಡಹುಟ್ಟಿದ ಅಣ್ಣನಿರುವಾಗ ಒಂದು ಮಾತು ಹೇಳಿ ಕಳಿಸಲಿಲ್ಲವೇಕೆ ಎಂದು, ಹೆಣದ ಮುಂದೆ ನಿಂತು ಆ ಮುದುಕಿಯನ್ನು ಬೈದೆ.

"ಹೇಳಿ ಕಳಿಸ್ತೀನಿ ಅಂತ ಸನ್ನೆ ಮಾಡ್ದೆ ರಾಯರೇ. ಬೇಡ, ಅಣ್ಣಯ್ಯ ಹೆಂಗೂ ಶನಿವಾರ ಬರ್ತಾನೆ ಅಂದ್ರು," ಎಂದಳು ಸಂಕಮ್ಮ.

ಸನ್ನೆ ಮಾಡಿದೆ ಎಂಬ ಆ ಮಾತು ಆಗ ನನ್ನ ಮನಸ್ಸಿಗೆ ತಾಗಲೇ ಇಲ್ಲ. ಕೈಯಲ್ಲಿದ್ದ ಪೂಜೆಯ ತುಲಸಿಯನ್ನು ಅವಳ ಬಾಯಿಗಿಟ್ಟೆ.

ನಮ್ಮ ತಂದೆಯವರು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಭಜನೆ ಮಂದಿರಗಳ, ನಾಟಕ ಕಂಪನಿಗಳ, ಪಾಠದ ಮನೆಗಳ ಪೆಟ್ಟಿಗೆಗಳೆಲ್ಲ ಅವರ ಕೈಗೆ ಬರುತ್ತಿದ್ದವು. ಗಾಳಿಯ ತಿದಿ ಹರಿದರೆ ಹೊಲಿಯುವುದು, ಬೆರಳೊತ್ತುವ ಮನೆಗಳು ಸಡಿಲವಾದರೆ ಬಿಗಿಮಾಡುವುದು ಯಾವ ಹೊತ್ತಿಗಾದರೂ ಆಗುವ ಕೆಲಸ. ಆದರೆ ಒಳಗಿನ ಹಿತ್ತಾಳೆಯ ನಾಲಗೆಗಳನ್ನು ಅರದಿಂದ ಕೆರೆದು ಸ್ವರ ಕೂಡಿಸುವ ಕೆಲಸವನ್ನು ಅವರು ಬೆಳಗಿನ ಜಾವದಲ್ಲಿ ಮಾತ್ರ ಮಾಡುತ್ತಿದ್ದರು. ಅದು ಮುಗಿಯುವವರೆಗೆ ಯಾರ ಮಾತೂ ಕಿವಿಗೆ ಬೀಳಬಾರದು, ತಾವೂ ಆಡಬಾರದು. ಒಂದು ಮಾತು ಕಿವಿಗೆ ಬಿದ್ದರೂ ಆ ದಿನ ಅರ ಮುಟ್ಟುತ್ತಿರಲಿಲ್ಲ. ಹಿಂದಿನ ಕೋಣೆಗೆ ಅವರೇ ಹಲಸಿನ ಮರದಲ್ಲಿ ಒಂದು ಅಗುಳಿ ಕೆತ್ತಿ ಕೂರಿಸಿದ್ದರು. ಆ ಕೋಣೆಯ ಬಾಗಿಲು ಪೂರ್ವಕ್ಕಿತ್ತು. ಕದದ ಸಂದಿನಿಂದ ಬಿಸಿಲು ಬಂದು ಹೊಸ್ತಿಲನ್ನು ಮುಟ್ಟಿದಾಗ ಅಗುಳಿ ತೆಗೆಯುತ್ತಿದ್ದರು.

"ದಿನದ ಮೊದಲ ಗಳಿಗೆ ಯಾರ ಕೈಗೆ ಹೋಯಿತೋ ಆ ದಿನವೆಲ್ಲ ಅವರದೇ ಮಗಾ," ಎಂದು ನನಗೆ ಹೇಳುತ್ತಿದ್ದರು. ನನಗೆ ಹೇಳುತ್ತಿದ್ದರು, ತಂಗಿ ಕುಮುದೆಗೆ ಹೇಳಲಿಲ್ಲ. ಕೆಲಸ ಕಲಿಯಬೇಕಾಗಿದ್ದವನು ನಾನು. ಒಳ್ಳೆಯ ಕಿವಿ ನನ್ನದೇ ಎಂದು ಅವರು ನಾಲ್ಕು ಜನರ ಮುಂದೆ ಹೇಳಿದ್ದರು. ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು.

ತಂದೆ ತೀರಿಕೊಂಡ ಮೇಲೆ ನನಗೆ ಆ ಕೋಣೆಯಲ್ಲಿ ಒಂದು ತಿಂಗಳೂ ಕೂರಲಾಗಲಿಲ್ಲ. ಹೊರಗೆ ಯಾರಾದರೂ "ರಾಯರು ಇದ್ದಾರೆಯೇ?" ಎಂದರೆ ನನ್ನ ಕಾಲು ತಾನಾಗಿ ಏಳುತ್ತಿತ್ತು. ದೇವಸ್ಥಾನದ ಸಮಿತಿ, ಅಣ್ಣತಮ್ಮಂದಿರ ಪಾಲಿನ ಜಗಳ, ಮದುವೆಗಳ ಮಾತುಕತೆ, ಯಾರದೋ ಅರ್ಜಿ. ನಾನಿಲ್ಲದೆ ಊರು ನಡೆಯದೆಂದು ಜನ ಹೇಳಿದರು, ನಾನು ನಂಬಿದೆ. ನನ್ನ ದಿನಗಳು ಛತ್ರದ ಎಲೆಗಳಾದವು. ಬಂದವರು ಉಂಡು ಎದ್ದುಹೋದರು, ಎಂಜಲೆಲೆ ನನಗೆ ಉಳಿಯಿತು. ತಂದೆಯವರ ಸ್ವಂತ ಹಾರ್ಮೋನಿಯಂ ಪಡಸಾಲೆಯ ಮೂಲೆಯಲ್ಲಿತ್ತು. ಅದರ ಮೇಲೆ ಸಮಿತಿಯ ಕಾಗದದ ಕಟ್ಟುಗಳನ್ನು ಇಡುತ್ತಿದ್ದೆ.

ಖಾಲಿಯಾದ ಕೋಣೆಗೆ ಕುಮುದೆ ಹೋಗಿ ಕುಳಿತಳು. ಜಾತಕ ಕೂಡದೆ ಅವಳು ಮದುವೆಯಾಗದೆ ಉಳಿದಿದ್ದಳು. ನಮ್ಮ ಮನೆಯ ಅಡಿಗೆ, ರುಬ್ಬುವುದು, ನನ್ನ ಹೆಂಡತಿಯ ಮೂರು ಬಾಣಂತನ, ಮಕ್ಕಳ ಎಣ್ಣೆ ನೀರು, ಎಲ್ಲವೂ ಅವಳ ತಲೆಯ ಮೇಲಿತ್ತು. ಬೆಳಗಿನ ಒಂದು ಗಂಟೆ ಮಾತ್ರ ಅವಳು ಅಗುಳಿ ಹಾಕಿಕೊಳ್ಳುತ್ತಿದ್ದಳು. ಯಾರೂ ಕಲಿಸದೆ, ಹಾಳು ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟಿ, ನಾಲ್ಕು ವರ್ಷದಲ್ಲಿ ಕೆಲಸ ಕಲಿತಳು. ನಾಲಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಎಷ್ಟು ಕೆರೆಯಬೇಕೆಂಬುದು ಒಂದು ಆಯುಸ್ಸಿನ ವಿದ್ಯೆ.

ಇಪ್ಪತ್ತನಾಲ್ಕು ಗಂಟೆಯಲ್ಲಿ ಇಪ್ಪತ್ತಮೂರನ್ನು ತೆಗೆದುಕೊಂಡಿದ್ದ ನಮಗೆ ಉಳಿದ ಆ ಒಂದೂ ಬೇಕಾಗಿತ್ತು. ಒಲೆ ಹೊತ್ತಿಸುವ ಹೊತ್ತಿಗೆ ನಾದಿನಿ ಕೋಣೆ ಸೇರುತ್ತಾಳೆಂದು ನನ್ನ ಹೆಂಡತಿ ಗೊಣಗುತ್ತಿದ್ದಳು. ಹೆಂಗಸಿಗೆ ಇದೆಂಥ ತಪಸ್ಸು ಎಂದು ನೆಂಟರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನನ್ನ ದೊಡ್ಡ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಈ ಅಸಮಾಧಾನ ಒಡೆಯಿತು. ಹತ್ತು ಗಂಟೆಗೆ ಬರುತ್ತೇವೆಂದವರು ಪ್ರಯಾಣದ ಅನುಕೂಲ ನೋಡಿಕೊಂಡು ನಸುಕಿನಲ್ಲೇ ಬಂದಿಳಿದರು. ಹೆಂಡತಿ ಗಾಬರಿಯಾಗಿ ಹಿಂದಿನ ಕೋಣೆಗೆ ಓಡಿದಳು, ಕದ ತೆರೆಯಲಿಲ್ಲ. ನಾನು ಹೋಗಿ ಬಡಿದೆ. ಒಳಗೆ ಒಂದು ಸ್ವರ ಎಳೆದುಕೊಂಡೇ ಇತ್ತು, ನಿಲ್ಲಲಿಲ್ಲ. ಬೀಗರಾಗಬೇಕಾದವರು ಪಡಸಾಲೆಯಲ್ಲಿ ಕುಳಿತು ಆ ಸ್ವರವನ್ನೂ ನನ್ನ ಬಡಿತವನ್ನೂ ಕೇಳಿದರು. ಬಿಸಿಲು ಹೊಸ್ತಿಲಿಗೆ ಬಂದಾಗ ಅವಳು ಹೊರಬಂದು, ಕೈ ತೊಳೆದು, ಉಪ್ಪಿಟ್ಟಿಗೆ ರವೆ ಹುರಿದಳು. ಸಂಬಂಧವೇನೂ ಮುರಿಯಲಿಲ್ಲ. ಉಪ್ಪಿಟ್ಟನ್ನು ಗಂಡಿನ ತಾಯಿ ಎರಡು ಸಲ ಹಾಕಿಸಿಕೊಂಡರು. ಆದರೆ ನನ್ನ ಮಾನ ಹೋಗಿತ್ತು.

ಮರುದಿನ ಬಡಗಿಯನ್ನು ಕರೆಸಿ, ನಾನೇ ನಿಂತು, ಆ ಅಗುಳಿಯನ್ನು ಕೀಳಿಸಿದೆ. ಕುಮುದೆ ಅಡಿಗೆಮನೆಯಿಂದ ಬಂದು ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, "ಅದು ಅಪ್ಪಯ್ಯ ಕೈಯಾರೆ ಮಾಡಿದ್ದು. ಬೇಡದಿದ್ದರೆ ನನಗೆ ಕೊಡು ಅಣ್ಣಯ್ಯ," ಎಂದಳು.

"ತೊಗೊಂಡು ಏನು ಮಾಡ್ತೀಯಾ? ಕೊರಳಿಗೆ ಕಟ್ಕೋತೀಯಾ?" ಎಂದೆ.

"ಬಾಗಿಲಿಗೆ ಹಾಕ್ಕೋತೀನಿ. ಇಲ್ಲಲ್ಲದಿದ್ದರೆ ಇನ್ನೊಂದು ಕಡೆ."

ಮೂರು ದಿನದಲ್ಲಿ ಸಂಕಮ್ಮನ ಮನೆಯ ಪಕ್ಕದ ಒಂಟಿ ಕೋಣೆಗೆ ಹೋದಳು. ಅದರ ಬಾಗಿಲೂ ಪೂರ್ವಕ್ಕೆ. ಅದೇ ಅಗುಳಿಯನ್ನು ಅಲ್ಲಿ ಕೂರಿಸಿಕೊಂಡಳು. ಆಗ ಅವಳಿಗೆ ನಲವತ್ತಾರು ವರ್ಷ.

ಅವಳು ಸೋತು ಹಿಂದಿರುಗುತ್ತಾಳೆಂದು ಕಾದೆ. ಹಿಂದಿರುಗಲಿಲ್ಲ. ದೂರದೂರದಿಂದ ಪೆಟ್ಟಿಗೆಗಳು ಬರತೊಡಗಿದವು. ನಾಟಕದ ಮೇಷ್ಟರುಗಳು ಅವಳ ಜಗುಲಿಯ ಮೇಲೆ ಬಾಯಿ ಮುಚ್ಚಿಕೊಂಡು ಬಿಸಿಲಿಗಾಗಿ ಕಾಯುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅದಕ್ಕಾಗಿಯೇ ಶನಿವಾರ ಬೇಕೆಂದೇ ಬಿಸಿಲಿಗೆ ಮೊದಲು ಹೋಗುತ್ತಿದ್ದೆ. ಒಂದು ದಿನವಾದರೂ ಅಣ್ಣನಿಗಾಗಿ ಏಳಲಿ ಎಂದು ಬಡಿಯುತ್ತಿದ್ದೆ. ಅವಳು ಏಳುತ್ತಿರಲಿಲ್ಲ. ದೇವರ ಪ್ರಸಾದವನ್ನು ಹಿಂದಕ್ಕೆ ಒಯ್ಯಬಾರದೆಂದು ತುಲಸಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಹಲ್ಲು ಕಡಿಯುತ್ತ ಮನೆಗೆ ಬರುತ್ತಿದ್ದೆ. ಭಕ್ತಿಯಿಂದ ಇಟ್ಟ ತುಲಸಿಯಲ್ಲ ಅದು. ದೇವರು ಕ್ಷಮಿಸಲಿ.

ತಂದೆತಾಯಿಯ ತಿಥಿಗಳಿಗೆ ಅವಳು ನಮ್ಮ ಮನೆಗೆ ಬರುತ್ತಿದ್ದಳು. ಕಡೆಕಡೆಗೆ ಬಹಳ ಬದಲಾದಳೆಂದು ನಮಗೆ ತೋರಿತು. ನಾನು ಏನು ಹೇಳಿದರೂ ನನ್ನ ಮುಖವನ್ನೇ ನೋಡುತ್ತ ತಲೆಯಾಡಿಸುತ್ತಿದ್ದಳು. ಅಂತೂ ವಯಸ್ಸು ಅವಳನ್ನು ಬಗ್ಗಿಸಿತು ಎಂದು ಹೆಂಡತಿಗೆ ಹೇಳಿದೆ. ಒಮ್ಮೆ ಅಮ್ಮನ ತಿಥಿ ಮುಂದಿನ ವರ್ಷ ಯಾವ ವಾರ ಬರುತ್ತದೆಂದು ಬೆನ್ನ ಹಿಂದಿನಿಂದ ಕೇಳಿದೆ. ಉತ್ತರಿಸದೆ ಮಜ್ಜಿಗೆಗೆ ಒಗ್ಗರಣೆ ಹಾಕುತ್ತಲೇ ಇದ್ದಳು. ಎಷ್ಟು ಕೊಬ್ಬು ಎಂದುಕೊಂಡು ಎರಡು ತಿಂಗಳು ಮಾತು ಬಿಟ್ಟೆ. ನಾನು ಮಾತು ಬಿಟ್ಟದ್ದು ಅವಳಿಗೆ ತಿಳಿದಿತ್ತೋ ಇಲ್ಲವೋ.

ಒಂಬತ್ತನೆಯ ದಿನ ಅವಳ ಕೋಣೆ ಖಾಲಿ ಮಾಡಲು ಹೋದೆ. ಉಪಕರಣಗಳ ಡಬ್ಬಿಯಲ್ಲಿ ಅರ, ಚಿಮಟ, ತೆಳು ತಗಡುಗಳ ನಡುವೆ ಬೀಟೆ ಮರದ ಒಂದು ಕಡ್ಡಿಯಿತ್ತು. ಗೇಣುದ್ದ. ಒಂದು ತುದಿ ನುಣುಪಾಗಿತ್ತು, ಇನ್ನೊಂದು ತುದಿಯಲ್ಲಿ ಹಲ್ಲಿನ ಗುರುತುಗಳು ಆಳವಾಗಿ ಬಿದ್ದಿದ್ದವು. ನಮ್ಮ ತಂದೆಯವರ ಬಳಿ ಇಂಥ ಉಪಕರಣವಿರಲಿಲ್ಲ. ಇದು ಏನೆಂದು ಸಂಕಮ್ಮನನ್ನು ಕೇಳಿದೆ.

"ಅದಾ? ಅದನ್ನ ಹಲ್ಲಲ್ಲಿ ಕಚ್ಕೊಂಡು ಇನ್ನೊಂದು ತುದೀನ ಪೆಟ್ಟಿಗೆ ಮೇಲೆ ಊರ್ಕೊಳೋರು. ಕಿವಿ ಹೋದ್ರೇನು, ಮೂಳೇಲಿ ಕೇಳುತ್ತೆ ಅನ್ನೋರು."

ನಾನು ಆ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದೆ. ಅವಳು ನನ್ನ ಮುಖ ನೋಡಿದಳು.

"ಐದು ವರ್ಷದ ಮೇಲಾಯ್ತಲ್ಲ ರಾಯರೇ ಕಿವಿ ಹೋಗಿ. ನಿಮಗೆ ಗೊತ್ತಿರ್ಲಿಲ್ವಾ?"

"ಯಾಕೆ ನನಗೆ ಹೇಳಲಿಲ್ಲ?"

"ಹೇಳೋದೇನು ಬಂತು? ಎದುರಿಗೆ ಕೂತು ಎರಡು ಮಾತು ಕೇಳಿದ್ರೆ ಗೊತ್ತಾಗೋದಲ್ವಾ? ಹೂವಿನವಳಿಗೆ ಗೊತ್ತು, ಹಾಲಿನವನಿಗೆ ಗೊತ್ತು. ನೀವು ಕದ ಬಡಿಯೋವಾಗ ನಾನೇ ಎದ್ದು ಬಂದು ಹೇಳೋಣ ಅಂತಿದ್ದೆ. ನಿಮ್ಮ ಮುಖ ನೋಡಿ ಹೆದರಿಕೆ ಆಗೋದು."

ಆ ಮುದುಕಿಯ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂತು. ಎತ್ತಲಿಲ್ಲ. ಅಲ್ಲೇ ಕುಳಿತೆ. ಯಾರ ಮೇಲೆ ಸಿಟ್ಟಾಗಬೇಕೆಂದು ಹುಡುಕಿದೆ. ಹೇಳದೆ ಹೋದ ಅವಳ ಮೇಲೆ ಆಯಿತು. ಸ್ವರದ ಮೇಲೆ ಬದುಕಿದವಳ ಕಿವಿಯನ್ನೇ ಕಿತ್ತುಕೊಂಡ ದೇವರ ಮೇಲೆ ಆಯಿತು. ಅರವತ್ತು ವರ್ಷ ದೀಪ ಹಚ್ಚಿದ ಕೈಯಿಂದ ನೆಲ ಗುದ್ದಿದೆ. ಸಿಟ್ಟು ಅಲ್ಲಿಗೂ ನಿಲ್ಲದೆ ತಿರುಗಿ ನನ್ನ ಮನೆಗೇ ಬಂತು. ಊರಿನ ಪ್ರತಿ ಮನೆಯ ಜಗಳವನ್ನು ಕೇಳಿ ತೀರ್ಪು ಹೇಳಿದ ಕಿವಿ ನನ್ನದು. ಐದು ವರ್ಷ ತಂಗಿಯ ಎದುರಿಗೆ ಕುಳಿತು ನಾನೇ ಮಾತಾಡಿದೆ, ನಾನೇ ಎದ್ದು ಬಂದೆ.

ಮೊದಲ ಆರು ವರ್ಷ ಅವಳು ಕೇಳಿಯೂ ತೆರೆಯಲಿಲ್ಲ. ಅದನ್ನು ನಾನು ಮರೆತಿಲ್ಲ. ಆಮೇಲಿನ ಐದು ವರ್ಷ ಅವಳಿಗೆ ಕೇಳಲೇ ಇಲ್ಲ. ಬಡಿಯುತ್ತಿದ್ದ ನನಗೆ ಎರಡರ ನಡುವೆ ಭೇದ ತಿಳಿಯಲಿಲ್ಲ. ಕಿವಿ ಹೋದ ದಿನ ಅಗುಳಿಯನ್ನು ತೆಗೆದಿಟ್ಟು, ಇನ್ನು ನನ್ನಿಂದಾಗದು ಎಂದು ನಮ್ಮ ಅಡಿಗೆಮನೆಗೆ ಹಿಂದಿರುಗಬಹುದಿತ್ತು. ನಾವು ಅದನ್ನೇ ಕಾಯುತ್ತಿದ್ದೆವು. ಅವಳು ಆ ಗಂಟೆಯನ್ನು ಬಿಡಲಿಲ್ಲ. ಕಿವಿಯಿಲ್ಲದಿದ್ದರೆ ಹಲ್ಲಿನಿಂದ ಹಿಡಿದುಕೊಂಡಳು. ಡಬ್ಬಿಯ ತಳದಲ್ಲಿ, ಅರಗಳ ಕೆಳಗೆ, ಒಣಗಿದ ತುಲಸಿ ಒಂದು ಹಿಡಿಯಷ್ಟಿತ್ತು.

ಹದಿಮೂರನೆಯ ದಿನ ಬೊಜ್ಜದ ಊಟಕ್ಕೆ ಬಂದ ನೆಂಟರು ಎಲೆಯ ಮುಂದೆ ಕುಳಿತು, ಪಾಪ, ಕುಮುದೆ ಜೀವನದಲ್ಲಿ ಏನು ಕಂಡಳು ಎಂದು ಮರುಗಿದರು. "ಅವಳು ಪ್ರತಿದಿನ ತನ್ನ ಪಾಲಿನ ಒಂದು ಗಂಟೆ ಕಂಡಳು. ನಾವು ಯಾರು ಏನು ಕಂಡಿದ್ದೇವೆ, ಹೇಳಿ ನೋಡೋಣ," ಎಂದೆ. ದುಃಖದಲ್ಲಿ ರಾಯರಿಗೆ ತಲೆ ಕೆಟ್ಟಿದೆ ಎಂದುಕೊಂಡು ಅವರು ಪಾಯಸ ಸುರಿದು ಉಂಡರು.

ಆ ಕೋಣೆಯಿಂದ ನಾನು ತಂದದ್ದು ಎರಡೇ, ಡಬ್ಬಿ ಮತ್ತು ಅಗುಳಿ. ಬಡಗಿಯನ್ನು ಕರೆಯಲಿಲ್ಲ. ನಾನೇ ಮೊಳೆ ಹೊಡೆದು, ಹೆಬ್ಬೆರಳು ಜಜ್ಜಿಕೊಂಡು, ಹಿಂದಿನ ಕೋಣೆಯ ಕದಕ್ಕೆ ಅದನ್ನು ಮತ್ತೆ ಕೂರಿಸಿದೆ. ತಂದೆಯವರ ಹಾರ್ಮೋನಿಯಂನ ಮೇಲಿನ ಕಾಗದದ ಕಟ್ಟುಗಳನ್ನು ಸಮಿತಿಯ ಮನೆಗೆ ಹೊರಿಸಿದೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅರ ಹಿಡಿದೆ. ಮೊದಮೊದಲು ಹೊರಗೆ ಕೂಗಿದರೆ ಕಾಲು ಏಳುತ್ತಿತ್ತು. ಕೈಯಿಂದ ಮಂಡಿಯನ್ನು ಒತ್ತಿ ಹಿಡಿಯುತ್ತಿದ್ದೆ. ಮೂರು ನಾಲಗೆಗಳನ್ನು ಕೆರೆದು ಹಾಳುಮಾಡಿದೆ. ಕೈ ನಡುಗುತ್ತದೆ. ಒಂದು ವರ್ಷದಲ್ಲಿ ಏಳು ನಾಲಗೆಗಳು ಮಾತ್ರ ಸರಿಯಾದವು. ಮಂದ್ರದ ಷಡ್ಜ ಇನ್ನೂ ಒಪ್ಪಿಲ್ಲ.

ಇವತ್ತು ಅವಳ ವರ್ಷಾಬ್ದಿಕ. ಪುರೋಹಿತರು ಇನ್ನೆರಡು ಮನೆಯ ಕೆಲಸವಿದೆಯೆಂದು ನಸುಕಿನಲ್ಲೇ ಬಂದರು. ಹೆಂಡತಿ ಬಂದು ಕದ ತಟ್ಟಿದಳು. ಆಮೇಲೆ ಅವರೇ ಬಂದು, "ರಾಯರೇ, ಹೊತ್ತಾಯಿತು. ತಂಗಿಯ ಕೆಲಸಕ್ಕೂ ಏಳೋದಿಲ್ಲವೇ?" ಎಂದು ಬಡಿದರು. ನಾನು ಬೀಟೆಯ ಕಡ್ಡಿಯನ್ನು, ಅವಳ ಹಲ್ಲಿನ ಗುರುತುಗಳಿದ್ದಲ್ಲೇ, ನನ್ನ ಹಲ್ಲುಗಳಲ್ಲಿ ಕಚ್ಚಿಕೊಂಡು ತಿದಿ ಒತ್ತಿದೆ. ಷಡ್ಜ ದವಡೆಯಿಂದ ಹತ್ತಿ ತಲೆಯ ಒಳಗೆ ನಿಂತಿತು. ಬಾಗಿಲ ಬಡಿತ ದೂರದಲ್ಲೆಲ್ಲೋ ಬೇರೆ ಯಾರದೋ ಮನೆಯಲ್ಲಿ ಎಂಬಂತೆ ಕೇಳಿತು. ಅಗುಳಿ ಅಲುಗಿತು, ಬಿಡಲಿಲ್ಲ. ಹೊಸ್ತಿಲು ಇನ್ನೂ ಕಪ್ಪಗಿತ್ತು.

ಭಗವಂತ, ನಿನ್ನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನು ನಿನ್ನ ಮುಂದೆ ಮುಚ್ಚಿಡುವುದಿಲ್ಲ. ಆದರೂ ಕೇಳುತ್ತೇನೆ. ಆ ಜೀವಕ್ಕೆ ಶಾಂತಿ ಕೊಡು. ನಿನ್ನ ಲೋಕದಲ್ಲಿ ಅವಳಿಗೆ ಪೂರ್ವಕ್ಕೆ ಬಾಗಿಲಿರುವ ಒಂದು ಕೋಣೆ ಕೊಡು, ಬೆಳಗಿನ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯದಂತೆ ನೋಡಿಕೋ. ನಾನು ಬರುವ ದಿನ ಬಡಿಯುವುದಿಲ್ಲ. ಹೊಸ್ತಿಲಿಗೆ ಬಿಸಿಲು ಬರುವವರೆಗೆ ಜಗುಲಿಯ ಮೇಲೆ ಕುಳಿತಿರುತ್ತೇನೆ.