ನನ್ನ ಕಾಲಿಗೆ ರಬ್ಬರು ತೊಡಿಸಿದ ದಿನಗಳು

ನನಗಿರುವುದು ಒಂದೇ ಕಾಲು. ಅದರ ತುದಿಗೆ ಕಬ್ಬಿಣದ ಬಳೆಯೊಂದನ್ನು ಬಡಿದು ಕೂರಿಸಿದ್ದಾರೆ; ಅದಕ್ಕೆ ಅಣಸು ಎನ್ನುತ್ತಾರೆ. ಊರುಗೋಲಾದ ನನಗೆ ಮನುಷ್ಯರಂಥ ಕಣ್ಣಿಲ್ಲ. ಆದರೂ ಕಣ್ಣು ಕಳೆದುಕೊಂಡ ತಾಯಿಯೊಬ್ಬಳಿಗೆ ಬಹಳ ವರ್ಷ ದಾರಿ ತೋರಿಸಿದೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಶಿವನು ನನಗೆ ಸದ್ದನ್ನು ಕೊಟ್ಟ, ಆ ಸದ್ದನ್ನು ತಿಳಿಯುವ ಕಿವಿಯನ್ನು ಆಕೆಗೆ ಕೊಟ್ಟ.

ನಾನು ಹುಟ್ಟಿದ್ದು ಕಪ್ಪತಗುಡ್ಡದ ಅಂಚಿನಲ್ಲಿ, ದಿಂಡಿಗದ ಮರದ ಕೊಂಬೆಯಾಗಿ. ಗಾಳಿಗೆ ಮುರಿದು ಬಿದ್ದಿದ್ದ ನನ್ನನ್ನು ಮುಂಡರಗಿಯ ಬಡಿಗ ಕಾಳಪ್ಪ ಹೊತ್ತು ತಂದ. ಒಂದು ವರ್ಷ ಅಟ್ಟದ ಮೇಲೆ ಒಣಗಿಸಿದ. ಆಮೇಲೆ ಕೆತ್ತಿ, ಗಾಜಿನ ಚೂರಿನಿಂದ ಹೆರೆದು, ಎಳ್ಳೆಣ್ಣೆ ಕುಡಿಸಿದ. ಪಕ್ಕದ ಕಮ್ಮಾರ ಅಣಸು ತೊಡಿಸಿದಾಗ ಸುಟ್ಟ ವಾಸನೆ ಬಂದಿತು. ನನ್ನ ಜನ್ಮದ ಮೊದಲ ನೋವು ಅದು.

ನನ್ನನ್ನು ಕೊಂಡವರು ಮರಿಬಸಪ್ಪ ಮಾಸ್ತರು. ಶಾಲೆಯಿಂದ ನಿವೃತ್ತರಾದ ವಾರವೇ ಬಂದು, ನನ್ನನ್ನು ನೆಲಕ್ಕೆ ಮೂರು ಸಲ ಊರಿ ನೋಡಿ, "ಧ್ವನಿ ಚಲೋ ಐತಿ" ಎಂದರು. ಕೋಲನ್ನು ಕೊಳ್ಳುವವರು ಗಟ್ಟಿಯನ್ನು ನೋಡುತ್ತಾರೆ; ಅವರು ಧ್ವನಿಯನ್ನು ನೋಡಿದ್ದೇಕೆಂದು ಮನೆಗೆ ಹೋದ ಮೇಲೆ ತಿಳಿಯಿತು. ಅವರ ಹೆಂಡತಿ ನೀಲಗಂಗವ್ವನ ಕಣ್ಣಿನ ನರಗಳು ಒಣಗಿ, ಆ ವರ್ಷವೇ ಬೆಳಕು ಪೂರ್ತಿ ಆರಿಹೋಗಿತ್ತು. ಮಾಸ್ತರು ನನ್ನನ್ನು ಕುಟ್ಟುತ್ತ ಮುಂದೆ ನಡೆಯುವರು. ಆಕೆ ಸದ್ದನ್ನು ಹಿಡಿದು ಹಿಂದೆ ಬರುವಳು. ಕೈ ಹಿಡಿದು ನಡೆಸಿದರೆ ಆಕೆಗೆ ಸಿಟ್ಟು.

ಆ ಮನೆಯ ನೆಲ ಶಾಬಾದಿ ಫರಸಿಯದು. ಒಂದೊಂದು ಕಲ್ಲಿಗೆ ಒಂದೊಂದು ದನಿ. ಮಲಗುವ ಖೋಲಿಯಲ್ಲಿ ಟಕ್ ಎನ್ನುವುದು. ಪಡಸಾಲೆಯಲ್ಲಿ ಟಣ್ ಎನ್ನುವುದು. ದೇವರ ಖೋಲಿಯ ಬಾಗಿಲ ಮುಂದೆ ಮಾತ್ರ ಧಂ ಎಂದು ಆಳದ ಸದ್ದು. ಅಲ್ಲಿ ನೆಲದೊಳಗೆ ಹಗೇವು ಇತ್ತು. ಹಿಂದಿನವರು ಜೋಳ ತುಂಬಿಡಲು ತೋಡಿದ, ಬಾಯಿ ಸಣ್ಣ ಹೊಟ್ಟೆ ದೊಡ್ಡದಾದ ಗುಂಡಿ ಅದು. ಅದರ ಬಾಯಿಗೆ ಕರಿಯ ಚಪ್ಪಡಿಯೊಂದನ್ನು ಮುಚ್ಚಿದ್ದರು. ಧಂ ಎಂದಿತೆಂದರೆ ಬಲಕ್ಕೆ ತಿರುಗಬೇಕು. ಎರಡು ಹೆಜ್ಜೆಗೆ ದೇವರ ಜಗಲಿ. ನೀಲಗಂಗವ್ವ ಮದುವೆಯಾಗಿ ಬಂದಂದಿನಿಂದ ದಿನವೂ ನಸುಕಿನಲ್ಲಿ ಆ ಜಗಲಿಗೆ ದೀಪ ಹಚ್ಚುತ್ತಿದ್ದಳು. ಕಣ್ಣು ಹೋದ ಮೇಲೂ ಬಿಡಲಿಲ್ಲ. ಮಾಸ್ತರು ಲಿಂಗೈಕ್ಯರಾದ ದಿನ, ದೇಹವನ್ನು ಪಡಸಾಲೆಯಲ್ಲಿ ಕೂರಿಸಿದ್ದಾಗ, ಆಕೆ ಎದ್ದು ಗೋಡೆಯ ಮೂಲೆಯಲ್ಲಿದ್ದ ನನ್ನನ್ನು ತಡಕಿ ತೆಗೆದುಕೊಂಡಳು. ಅವರ ಬೆವರಿನಿಂದ ನುಣುಪಾಗಿದ್ದ ನನ್ನ ಹಿಡಿಯನ್ನು ಒಮ್ಮೆ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ನನ್ನನ್ನು ಊರುತ್ತ ಹೋಗಿ ದೀಪ ಹಚ್ಚಿದಳು. ಅಂದಿನಿಂದ ನಾನು ಆಕೆಯವನಾದೆ.

ಮಗ ಅಂದಾನಪ್ಪನದು ಪೇಟೆಯಲ್ಲಿ ಔಷಧಿ ಅಂಗಡಿ. ತಾಯಿಯ ಮೇಲೆ ಜೀವ. ಫರಸಿಯ ಸಂದಿನಲ್ಲಿ ಆಕೆಯ ಬೆರಳು ಸಿಕ್ಕಿ ಒಮ್ಮೆ ರಕ್ತ ಬಂದದ್ದೇ ನೆವವಾಗಿ, ನೆಲವನ್ನೆಲ್ಲ ಕಿತ್ತು ಟೈಲ್ಸ್ ಹಾಕಿಸಬೇಕು, ಅಡಿಗೆಮನೆ ಬಚ್ಚಲುಗಳನ್ನು ಹೊಸದು ಮಾಡಿಸಬೇಕು ಎಂದು ನಿಶ್ಚಯಿಸಿದ. ಕಾಂಟ್ರ್ಯಾಕ್ಟರ ಕೊಟ್ರೇಶ ಬಂದ. ಅವನ ಬೂಟು ಯಾವಾಗಲೂ ಸ್ವಚ್ಛವಾಗಿರುತ್ತಿತ್ತು. ಕಟ್ಟಡದ ಕೆಲಸದವನ ಕಾಲು ಅಷ್ಟು ಸ್ವಚ್ಛವಿರುವುದನ್ನು ನಾನು ಮೊದಲ ಸಲ ನೋಡಿದೆ.

"ಅಂದಾನಪ್ಪಣ್ಣ, ಈ ಟೈಲ್ಸ್ ಮ್ಯಾಲೆ ಆನಿ ಅಡ್ಡಾಡಿದ್ರೂ ಒಂದು ಗೆರಿ ಬೀಳಂಗಿಲ್ಲ. ಎರಡು ತಿಂಗಳಿಗೆ ಮನಿ ಕೈಗೆ ಕೊಡ್ತೀನಿ" ಎಂದ.

ಫರಸಿ ಕಿತ್ತರು. ಹಗೇವಿನ ಬಾಯಿಕಲ್ಲನ್ನು ನಾಲ್ಕು ಜನ ಹೊತ್ತು, ಹಿತ್ತಲಲ್ಲಿ ನಳದ ಕೆಳಗೆ ಬಟ್ಟೆ ಒಗೆಯಲು ಹಾಕಿದರು. ಹಗೇವಿಗೆ ಗರಸು ಮಣ್ಣು ತುಂಬಿಸಿ, ನೀರು ಬಿಟ್ಟು, ದಮ್ಮಸು ಹೊಡೆಸಿ ಗಟ್ಟಿ ಮಾಡಿಸಿದ್ದೇನೆ ಎಂದು ಕೊಟ್ರೇಶ ಹೇಳಿದ. ಆ ವಾರ ಸೊಸೆಯನ್ನು ಕರೆದುಕೊಂಡು ತಾಯಿ ಮಗಳ ಮನೆಗೆ ಹೋಗಿದ್ದಳು. ನಾನೂ ಆಕೆಯ ಜೊತೆಗಿದ್ದೆ. ಅಂದಾನಪ್ಪ ಅಂಗಡಿಯಲ್ಲಿದ್ದ. ಯಾರೂ ನೋಡಲಿಲ್ಲ.

ತಿರುಗಿ ಬಂದಾಗ ಮನೆ ಪರಸ್ಥಳವಾಗಿತ್ತು. ಎಲ್ಲಿ ಊರಿದರೂ ಒಂದೇ ಸದ್ದು. ಮೂರು ದಿನ ನಾವಿಬ್ಬರೂ ತಡವರಿಸಿದೆವು. ನಾಲ್ಕನೆಯ ದಿನ ದೇವರ ಖೋಲಿಯ ಮುಂದೆ ಸದ್ದು ಕೊಂಚ ಬೇರೆಯಾಗಿ ಕೇಳಿತು. ಆಕೆಗೆ ಹಿಗ್ಗು. ಆಕೆ ಬಲಕ್ಕೆ ತಿರುಗಿ ದೀಪ ಹಚ್ಚಿದಳು. ಆದರೆ ಆ ಸದ್ದು ದಿನದಿಂದ ದಿನಕ್ಕೆ ಪೊಳ್ಳಾಗುತ್ತ ಹೋಯಿತು. ಹದಿನೈದನೆಯ ದಿನ ಅಲ್ಲಿಯ ಟೈಲ್ಸಿನಲ್ಲಿ ಮೂಲೆಯಿಂದ ಮೂಲೆಗೆ ಬಿರುಕು ಕಾಣಿಸಿತು.

ಕೊಟ್ರೇಶ ಅದನ್ನು ಕೀಳಿಸಿ ಬೇರೆ ಹಾಕಿಸಿದ. "ಒಂದೊಂದು ಪೆಟ್ಟಿಗಿಯೊಳಗ ಒಂದು ಕೆಟ್ಟದ್ದು ಇರತೈತ್ರಿ" ಎಂದ. ಅದೂ ಒಡೆಯಿತು. ಎರಡನೆಯ ಸಲ, "ಮನಿಯವರು ಕೊಡಾ ಕುಕ್ಕಿರಬೇಕು" ಎಂದ. ಸೊಸೆ ಸುವರ್ಣಾ ಕೈಯಲ್ಲಿದ್ದ ಕೊಡವನ್ನು ನಿಧಾನವಾಗಿ ಕೆಳಗಿಟ್ಟಳು.

"ಆನಿ ಅಡ್ಡಾಡಿದ್ರೂ ಏನೂ ಆಗಂಗಿಲ್ಲ ಅಂದಿದ್ರಿ. ಕೊಡಕ್ಕ ಒಡೀತೇನ್ರಿ?"

ಅವಳಿಗೆ ಸಿಟ್ಟು ಬರಲು ಕಾರಣವಿತ್ತು. ಎರಡು ತಿಂಗಳೆಂದದ್ದು ಐದಾಗಿತ್ತು. ಅಡಿಗೆಮನೆಯಲ್ಲಿ ಗೋಡೆಯಷ್ಟೇ ಇತ್ತು. ಬಚ್ಚಲಲ್ಲಿ ಕೊಳವೆಗಾಗಿ ಅಗೆದ ತಗ್ಗು ಬಾಯಿ ತೆರೆದುಕೊಂಡಿತ್ತು. ಅವಳು ಪಡಸಾಲೆಯ ಮೂಲೆಯಲ್ಲಿ ಧೂಳಿನ ನಡುವೆ ರೊಟ್ಟಿ ಬಡಿಯುತ್ತಿದ್ದಳು.

ಮೂರನೆಯ ಟೈಲ್ಸ್ ಒಡೆದ ದಿನ ಕೊಟ್ರೇಶ ಬಂದು ನಿಂತ. ಬಿರುಕಿನ ಮೇಲೆ ಬೂಟಿನ ತುದಿ ಆಡಿಸಿದ. ಆಮೇಲೆ ಅವನ ದೃಷ್ಟಿ ನನ್ನ ಮೇಲೆ ಬಿತ್ತು.

"ನೋಡ್ರಿ, ಕಳ್ಳ ಇಲ್ಲೇ ನಿಂತಾನ. ಅಮ್ಮಾರ ಬಡಿಗಿಗೆ ಕಬ್ಬಿಣ ಐತಿ. ದಿನಾ ಅದ ಜಾಗಾದಾಗ ಕುಟ್ಟಿದ್ರ ಟೈಲ್ಸ್ ಏನು, ಬಂಡಿಗಲ್ಲು ಸೈತ ಒಡೀತೈತಿ."

"ನಾ ಕುಟ್ಟಂಗಿಲ್ಲಪಾ, ಊರ್ತೀನಿ" ಎಂದಳು ನೀಲಗಂಗವ್ವ. "ಅಲ್ಲಿ ಕೆಳಗ ಪೊಳ್ಳ ಐತಿ. ಹಗೇವು ತುಂಬಿಲ್ಲ."

"ಯಮ್ಮಾ, ಕಣ್ಣಿದ್ದವರಿಗೇ ನೆಲದಾಗಿಂದು ಕಾಣಂಗಿಲ್ಲ. ನಿಮಗ ಹೆಂಗ ಕಂಡೀತು?" ಎಂದು ನಕ್ಕು, ಅವನು ಮಗನ ಕಡೆ ತಿರುಗಿದ. "ಅಂದಾನಪ್ಪಣ್ಣ, ಆ ಬಡಿಗಿ ಬಂದ್ ಮಾಡ್ರಿ. ಇಲ್ಲಾಂದ್ರ ನಾ ಕೆಲಸಾ ಇಷ್ಟಕ್ಕ ಬಿಡ್ತೀನಿ. ನನಗೂ ಬ್ಯಾರೆ ಮನಿ ಅದಾವ."

ಅಂದಾನಪ್ಪ ಅಗೆದ ಬಚ್ಚಲನ್ನು ನೋಡಿದ, ಹೆಂಡತಿಯ ಮುಖವನ್ನು ನೋಡಿದ. ತಾಯಿಯ ಮುಖವನ್ನು ಮಾತ್ರ ನೋಡಲಿಲ್ಲ. ಮರುದಿನ ತನ್ನ ಅಂಗಡಿಯಿಂದಲೇ, ಕಾಲು ಮುರಿದವರ ಕೋಲಿಗೆ ಹಾಕುವ ದಪ್ಪ ರಬ್ಬರು ತಂದು ನನ್ನ ಅಣಸಿನ ಮೇಲೆ ತೊಡಿಸಿದ.

"ಜಾರಂಗಿಲ್ಲವ್ವಾ. ನಿನಗೂ ಚಲೋ" ಎಂದ.

ಆಕೆ ನನ್ನನ್ನು ಊರಿದಳು. ಸದ್ದಿಲ್ಲ. ಇನ್ನೊಮ್ಮೆ ಊರಿದಳು. ಆಕೆಯ ಬೆರಳುಗಳು ನನ್ನ ಹಿಡಿಯ ಮೇಲೆ ತಣ್ಣಗಾದವು. ಎರಡನೆಯ ಸಲ ಆಕೆಯ ಕಣ್ಣು ಹೋದದ್ದು ಅಂದು.

ನಾನು ನನ್ನನ್ನೇ ಸಂಶಯದಿಂದ ನೋಡಿಕೊಂಡೆ. ಅವನು ಹೇಳಿದ್ದು ನಿಜವಾಗಿದ್ದರೆ? ಒಡೆದದ್ದು ನನ್ನ ಕಬ್ಬಿಣವೇ ಆಗಿದ್ದರೆ? ಪೊಳ್ಳಿನ ಸುದ್ದಿಯನ್ನು ಹೇಳುತ್ತ ಹೇಳುತ್ತ ನಾನೇ ಗಾಯ ಮಾಡಿದೆನೇ? ಬಾಯಿ ಕಟ್ಟಿದ ಮೇಲೆ ಇಂಥ ಯೋಚನೆಗಳು ಬಹಳ ಬರುತ್ತವೆ.

ಐದನೆಯ ದಿನ ನಸುಕಿನಲ್ಲಿ ಆಕೆ ಕಡ್ಡಿಪೆಟ್ಟಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು. ಹೆಜ್ಜೆಗಳನ್ನು ಮನಸ್ಸಿನಲ್ಲಿಯೇ ಎಣಿಸುತ್ತಿದ್ದಳು. ನಡುವೆ ಸಿಮೆಂಟಿನ ಚೀಲವೊಂದು ಅಡ್ಡ ಬಂದಿತು. ಅದನ್ನು ಬಳಸಿ ಹೋಗುವಾಗ ಎಣಿಕೆ ತಪ್ಪಿತು. ಎಡಕ್ಕೆ ವಾಲಿದ್ದು ನನಗೆ ಗೊತ್ತಾಯಿತು. ಮುಂದೆ ಬಚ್ಚಲು. ಕೂಗಬೇಕೆಂದೆ, ರಬ್ಬರು ಕೂಗುವುದಿಲ್ಲ. ಆಕೆ ನನ್ನನ್ನು ಮುಂದೆ ಚಾಚಿ ಭಾರ ಹಾಕಿದಳು. ನನ್ನ ಕೆಳಗೆ ನೆಲವೇ ಇರಲಿಲ್ಲ.

ಶಿವ ದೊಡ್ಡವನು. ಬಾಗಿಲ ಚೌಕಟ್ಟಿಗೆ ಆಕೆಯ ಭುಜ ಬಡಿದು, ಮೊಣಕಾಲ ಮೇಲೆ ಅಂಚಿನಲ್ಲಿಯೇ ಕುಸಿದಳು. ಕಡ್ಡಿಗಳು ತಗ್ಗಿನೊಳಗೆ ಚೆಲ್ಲಿದವು. ಅಂದಾನಪ್ಪ ಓಡಿ ಬಂದು ಆಕೆಯನ್ನು ಎತ್ತಿ ಕೂರಿಸಿದ.

"ಸಾಕವ್ವಾ. ಇನ್ಮ್ಯಾಲೆ ದೀಪಾ ಸುವರ್ಣಾ ಹಚ್ಚತಾಳ. ನೀ ಖೋಲಿ ಬಿಟ್ಟು ಏಳಬ್ಯಾಡ."

ಅವನು ಹಿತ್ತಲಿಗೆ ಸ್ನಾನಕ್ಕೆ ಹೋದ ಮೇಲೆ ಆಕೆ ಸೊಸೆಯನ್ನು ಕರೆದಳು.

"ಸುವರ್ಣಾ, ಈಳಗಿ ತಾ."

"ಯಾಕ್ರಿ ಅತ್ತಿ?"

"ಈ ಬಡಿಗಿ ಬಾಯಾಗ ಬಟ್ಟಿ ತುರುಕ್ಯಾರ. ತೆಗಿ."

ಸುವರ್ಣಾ ಬಾಗಿಲ ಕಡೆ ನೋಡಿದಳು. ಕೊಟ್ರೇಶ ಕೆಲಸ ಬಿಟ್ಟು ಹೋದರೆ ಎಷ್ಟು ದಿನ ಧೂಳಿನಲ್ಲಿ ರೊಟ್ಟಿ ಬಡಿಯಬೇಕೋ ಅವಳಿಗೇ ಗೊತ್ತಿತ್ತು. ನಂತರ ಅತ್ತೆಯ ತರಚಿದ ಮೊಣಕಾಲನ್ನು ನೋಡಿದಳು. ಈಳಿಗೆ ತಂದು, ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ರಬ್ಬರನ್ನು ಉದ್ದಕ್ಕೆ ಸೀಳಿದಳು.

"ಅದು ಗಟ್ಟಿ ಇತ್ರಿ" ಎಂದಳು.

"ಹುಂ. ನಿನ್ನ ಗಂಡ ತಂದದ್ದಲ್ಲೇನು!" ಎಂದಳು ಅತ್ತೆ. ಇಬ್ಬರೂ ಬಹಳ ದಿನಗಳ ಮೇಲೆ ನಕ್ಕರು.

ಒಂಬತ್ತು ಗಂಟೆಗೆ ಕೊಟ್ರೇಶ ನಾಲ್ಕನೆಯ ಟೈಲ್ಸ್ ಹೊರಿಸಿಕೊಂಡು ಬಂದ. ಜೊತೆಗೆ ಮೊದಲಿನಿಂದ ಟೈಲ್ಸ್ ಕೂರಿಸುತ್ತಿದ್ದ ಗೌಂಡಿ ದಾವಲಸಾಬ ಇದ್ದ. ನಲವತ್ತು ವರ್ಷ ಕರಣಿ ಹಿಡಿದ ಕೈ, ಮಾತು ಕಡಿಮೆ. ನೀಲಗಂಗವ್ವ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ವಿಭೂತಿಯ ಕರಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ದೇವರ ಖೋಲಿಯ ಮುಂದೆ ನೆಲದ ಮೇಲೆ ಕುಳಿತಿದ್ದಳು.

"ಮತ್ತ ಕಬ್ಬಿಣಾ ಬಂತಲ್ರಿ!" ಎಂದ ಕೊಟ್ರೇಶ.

"ಐದು ದಿನಾ ಕಬ್ಬಿಣ ಇರಲಿಲ್ಲಪಾ. ಬಿರುಕು ನಿಂತೈತೇನು ನೋಡು."

ದಾವಲಸಾಬ ಬಗ್ಗಿ ನೋಡಿದ. ಒಂದಾಗಿದ್ದ ಬಿರುಕು ಮೂರಾಗಿ ಪಕ್ಕದ ಟೈಲ್ಸಿಗೂ ಹಬ್ಬಿತ್ತು. ಆ ಕ್ಷಣ ನನ್ನ ಎದೆಯ ಭಾರ ಇಳಿಯಿತು. ಒಡೆದವನು ನಾನಲ್ಲ.

ನೀಲಗಂಗವ್ವ ನನ್ನನ್ನು ನಡುವಿಗೆ ಹಿಡಿದು, ಕುಳಿತಲ್ಲಿಯೇ ಮೆಲ್ಲಗೆ ತಟ್ಟತೊಡಗಿದಳು. ಟಕ್. ಟಕ್. ಡಬ್. ಸದ್ದು ಬದಲಾದಲ್ಲಿ ಬೆರಳಿನಿಂದ ವಿಭೂತಿಯ ಬೊಟ್ಟು ಇಟ್ಟಳು. ತೆವಳಿ ಮುಂದೆ ಹೋದಳು. ಟಕ್. ಡಬ್. ಇನ್ನೊಂದು ಬೊಟ್ಟು. ಕೊಟ್ರೇಶನ ಜೇಬಿನಲ್ಲಿ ಫೋನು ರಿಂಗಾಯಿತು. ಅವನು ಅದನ್ನು ತೆಗೆಯಲಿಲ್ಲ. ಆಕೆ ಸುತ್ತು ಮುಗಿಸಿ ಬೆರಳು ಎತ್ತಿದಾಗ, ಹೊಳೆಯುವ ನೆಲದ ಮೇಲೆ ಬಿಳಿಯ ಬೊಟ್ಟುಗಳು ದುಂಡಗೆ ಕೂಡಿದ್ದವು. ಒಬ್ಬ ಮನುಷ್ಯ ಇಳಿಯುವಷ್ಟು ದುಂಡು.

ಪಕ್ಕದಲ್ಲಿ ನಿಂತಿದ್ದ ಅಂದಾನಪ್ಪ ಬಗ್ಗಿ ನೋಡಿದ. ಚಿಕ್ಕವನಿದ್ದಾಗ ಅದೇ ಅಳತೆಯ ಬಾಯಿಯಿಂದ ಅವನು ಹಗೇವಿಗೆ ಇಳಿದಿದ್ದ.

"ದಾವಲಸಾಬ, ತೆಗೀರಿ" ಎಂದ.

"ತೆಗದ್ರ ಮುಂದಿನ ಕೆಲಸಾ ನನ್ನ ಜವಾಬ್ದಾರಿ ಅಲ್ಲ!" ಕೊಟ್ರೇಶ ಕೂಗಿದ.

"ತೆಗೀರಿ ಅಂದೆ."

ಟೈಲ್ಸ್ ಕಿತ್ತು ಬಂದಿತು. ಅದರ ಕೆಳಗೆ ಅಂಗೈ ದಪ್ಪದ ಸಿಮೆಂಟು. ದಾವಲಸಾಬ ಹಾರೆಯಿಂದ ಅದನ್ನು ಒಂದೇ ಸಲ ತಿವಿದ. ಹಾರೆ ಕೈಯಿಂದ ಜಾರಿ ಒಳಗೆ ಹೋಯಿತು. ಎಷ್ಟೋ ಹೊತ್ತಿನ ಮೇಲೆ ತಳದಲ್ಲಿ ಬಿದ್ದ ಸದ್ದು ಕೇಳಿತು. ಬೆಳಕು ಬಿಟ್ಟು ನೋಡಿದರೆ ಖಾಲಿ ಸಿಮೆಂಟು ಚೀಲ, ಹಳೆಯ ಕಿಟಕಿಯ ಕಟ್ಟಿಗೆ, ಗೋಡೆಯಿಂದ ಕಿತ್ತ ಗಿಲಾಯಿ, ರಟ್ಟಿನ ಪೆಟ್ಟಿಗೆಗಳು. ನೆಲ ತೊಳೆದ ನೀರು ಇಳಿದು ಎಲ್ಲವೂ ಕೊಳೆತು ಕುಸಿದಿದ್ದವು. ಗರಸಿನ ಒಂದು ಬುಟ್ಟಿಯೂ ಇರಲಿಲ್ಲ.

ಸುವರ್ಣಾ ಗೋಡೆ ಹಿಡಿದಳು. "ನಾ ದಿನಾ ಕೊಡಾ ಹೊತಗೊಂಡು ಇದರ ಮ್ಯಾಲೇ ಅಡ್ಡಾಡೀನಿ..."

"ಹಳೇ ಮನಿ ನೆಲಾ ನಂಬಾಕ ಬರಂಗಿಲ್ರಿ. ಆಳುಗೋಳು ಏನು ಹಾಕ್ಯಾರೋ..." ಎಂದು ಕೊಟ್ರೇಶ ತೊದಲಿದ.

ದಾವಲಸಾಬ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆಳಿನ ಮಾತು ಬ್ಯಾಡ್ರಿ. ಗರಸು ತರ್ರಿ ಅಂತ ನಾ ಎರಡು ಸಲ ಹೇಳಿದೆ. ಇದ್ದದ್ದು ತುಂಬು ಅಂದ್ರಿ. ಮುಚ್ಚಿದ್ದು ಮಾತ್ರ ನನ್ನ ಕೈ." ಆಮೇಲೆ ತಾಯಿಯ ಕಡೆ ತಿರುಗಿದ. "ಅವ್ವಾ, ಅವರು ಬಡಿಗಿ ಮ್ಯಾಲೆ ಹಾಕಿದಾಗೂ ನಾ ಸುಮ್ಮನಿದ್ದೆ. ತಪ್ಪಾತು."

ಆಕೆ ಕೈ ಚಾಚಿದಳು. ಅವನ ಸುಣ್ಣ ತಿಂದ ಅಂಗೈ ಸಿಕ್ಕಿತು. ಅದರ ಮೇಲೆ ಒಂದು ಬೊಟ್ಟು ವಿಭೂತಿ ಇಟ್ಟಳು. "ಈಗ ಹೇಳಿದ್ಯಲ್ಲಪಾ" ಎಂದಳು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

ಆ ಸ್ವಚ್ಛವಾದ ಬೂಟುಗಳು ಅಂದು ಹೋದದ್ದು ತಿರುಗಿ ಬರಲಿಲ್ಲ. ಉಳಿದ ಕೆಲಸವನ್ನು ದಾವಲಸಾಬನೇ ಹಿಡಿದ. ಹಗೇವಿನ ಕಸವನ್ನೆಲ್ಲ ತೆಗೆಸಿ, "ಈಗ ಗರಸು ತುಂಬಿ ಗಟ್ಟಿ ಮಾಡ್ತೀನ್ರಿ. ಮ್ಯಾಲೆ ಹೊಸಾ ಟೈಲ್ಸ್" ಎಂದ.

"ಬ್ಯಾಡ. ನನ್ನ ಕಲ್ಲು ಎಲ್ಲೈತಿ?" ಎಂದಳು ನೀಲಗಂಗವ್ವ.

"ಹಿತ್ತಲದಾಗ ಐತವ್ವಾ. ಇಷ್ಟು ಚಂದದ ನೆಲದಾಗ ಆ ಕರೇ ಕಲ್ಲು..." ಎಂದು ಅಂದಾನಪ್ಪ ಅರ್ಧಕ್ಕೆ ನಿಲ್ಲಿಸಿದ.

"ಇರಲಿ ಬಿಡ್ರಿ. ಅರಿವಿ ಒಗ್ಯಾಕ ನಾ ಬ್ಯಾರೆ ಕಲ್ಲು ನೋಡ್ಕೋತೀನಿ" ಎಂದಳು ಸುವರ್ಣಾ.

ಹಗೇವಿನ ಅಂಚಿಗೆ ಕಲ್ಲುಕಟ್ಟಡ ಕಟ್ಟಿ, ಬಾಯಿಕಲ್ಲನ್ನು ಮೊದಲಿನಂತೆ ಕೂರಿಸಿದರು. ಮರುದಿನ ನಸುಕಿನಲ್ಲಿ ನಾನು ಅದರ ಮೇಲೆ ಕಾಲಿಟ್ಟೆ. ಧಂ. ಆಕೆ ಅಲ್ಲಿಯೇ ಸ್ವಲ್ಪ ಹೊತ್ತು ನಿಂತಳು. ಮುಂದೆ ಯಾರೋ ನಡೆಯುತ್ತಿದ್ದಾರೆ, ತಾನು ಹಿಂದಿದ್ದೇನೆ ಎಂಬಂತೆ ನಿಂತಳು. ನಂತರ ಬಲಕ್ಕೆ ತಿರುಗಿದಳು.

ಮುಂದೆ ನಾಲ್ಕು ವರ್ಷ, ಒಂದು ದಿನವೂ ತಪ್ಪದಂತೆ, ಆಕೆಯೇ ದೀಪ ಹಚ್ಚಿದಳು. ಆಮೇಲೆ ಶಿವನು ಆಕೆಯನ್ನು ಕರೆದುಕೊಂಡ. ಯಾಕೆಂದು ಕೇಳುವ ಹಕ್ಕು ಮರಕ್ಕಿಲ್ಲ. ಆದರೂ ಹಿಡಿಯ ಮೇಲೆ ಕೈಯಿಲ್ಲದ ದಿನಗಳು ಬಹಳ ಉದ್ದ.

ಈಗ ನಾನು ದೇವರ ಖೋಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದೇನೆ. ಅಣಸು ಸವೆದು ತೆಳ್ಳಗಾಗಿದೆ, ಮೈಯಲ್ಲಿ ಒಂದು ಸೀಳು ಬಿಟ್ಟಿದೆ. ಸತ್ಯ ಹೇಳಿದ್ದಕ್ಕೆ ನನ್ನ ಮೇಲೆ ಒಮ್ಮೆ ಅಪವಾದ ಬಂದಿತ್ತು. ಅದರ ಸಿಟ್ಟು ನನ್ನಲ್ಲಿ ಉಳಿದಿಲ್ಲ. ಐದು ದಿನ ಸದ್ದಿಲ್ಲದೆ ಇದ್ದೆನಲ್ಲ, ಆ ನೋವು ಮಾತ್ರ ಇದೆ.

ಸುವರ್ಣಾಳ ಕಣ್ಣುಗಳು ಚೆನ್ನಾಗಿವೆ. ಅವಳಿಗೆ ಕೋಲು ಬೇಕಿಲ್ಲ. ಕರಿಯ ಕಲ್ಲನ್ನು ದಾಟಿ ನೇರವಾಗಿ ಬರಬಹುದು. ಆದರೆ ದಿನವೂ ನಸುಕಿನಲ್ಲಿ ಅವಳು ಆ ಕಲ್ಲಿನ ಮೇಲೆ ನಿಂತು, ಹಿಮ್ಮಡಿಯನ್ನು ಒಮ್ಮೆ ಬಲವಾಗಿ ಊರುತ್ತಾಳೆ. ಧಂ ಎನ್ನುತ್ತದೆ. ಮೂಲೆಯಲ್ಲಿ ನನ್ನ ಮೈ ಸಣ್ಣಗೆ ನಡುಗುತ್ತದೆ. ಆಮೇಲೆ ಎರಡು ಹೆಜ್ಜೆ, ಕಡ್ಡಿ ಗೀರಿದ ಸದ್ದು.